ನಿರುದ್ಯೋಗ ವಿಮೆಯ 26 ವಾರ ಮುಗಿದ ಮೇಲೆ ಏನು? ಹದಿನಾರನೆಯ ವಾರಕ್ಕೆ ಮೊದಲೇ ಕೇಳಬೇಕಾದ ಪ್ರಶ್ನೆ

ಪ್ರಶ್ನೆ: ನಾನಿರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ತುಮಕೂರಿನ ಕಡೆಯವನು, ವಯಸ್ಸು 47, ಗ್ರೀನ್ ಕಾರ್ಡ್ ಇದೆ. ಹದಿನಾರು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ್ದೇನೆ. ಜನವರಿ ಕೊನೆಯಲ್ಲಿ ನಮ್ಮ ಇಡೀ ತಂಡವನ್ನು ಮನೆಗೆ ಕಳುಹಿಸಿದರು. ಫೆಬ್ರವರಿ ಮೊದಲ ವಾರ ನಿರುದ್ಯೋಗ ವಿಮೆಗೆ ಅರ್ಜಿ ಹಾಕಿದೆ; ವಾರಕ್ಕೆ 450 ಡಾಲರ್‌ನಂತೆ ಈವರೆಗೆ 13 ವಾರಗಳ ಹಣ ಬಂದಿದೆ. ಸಂದರ್ಶನಗಳು ನಡೆಯುತ್ತಿವೆ, ಕೆಲಸ ಮಾತ್ರ ಕೈಗೆ ಹತ್ತಿಲ್ಲ. 26 ವಾರಕ್ಕೆ ಹಣ ನಿಲ್ಲುತ್ತದೆ ಎನ್ನುತ್ತಾರೆ. ಕೋವಿಡ್ ಕಾಲದಲ್ಲಿ ಗೆಳೆಯನೊಬ್ಬ ಒಂದೂವರೆ ವರ್ಷ ಪಡೆದಿದ್ದ. ವಿಸ್ತರಣೆಗೆ ಯಾವಾಗ, ಎಲ್ಲಿ ಅರ್ಜಿ ಹಾಕಬೇಕು? ವಾರಕ್ಕೆ ಎರಡು ದಿನ ಸಣ್ಣಪುಟ್ಟ ಕೆಲಸ ಮಾಡಿದರೆ ಇರುವುದೂ ಹೋಗುತ್ತದೆಯೇ? ಊರಿನಲ್ಲಿ ಅಮ್ಮನಿಗೆ ಆರೋಗ್ಯ ಸರಿಯಿಲ್ಲ, ಒಂದು ತಿಂಗಳು ಹೋಗಿ ಬರಬಹುದೇ? ಇದನ್ನೆಲ್ಲ ಕೇಳುವುದಕ್ಕೂ ಸಂಕೋಚ. ಧರ್ಮದ ದುಡ್ಡಿಗೆ ಕೈಚಾಚಿದ ಹಾಗೆ ಅನಿಸುತ್ತದೆ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು '13 ವಾರ' ಎಂಬ ಮಾತಿನ ಮೇಲೆ. ಬಹಳಷ್ಟು ಜನ ನನಗೆ ಬರೆಯುವುದು 25ನೆಯ ವಾರದಲ್ಲಿ, ಇಲ್ಲವೇ ಖಾತೆಗೆ ಹಣ ಬರುವುದು ನಿಂತ ಮೇಲೆ. ಅಷ್ಟರಲ್ಲಿ ನಾನು ಹೇಳಬಹುದಾದ ಮಾತುಗಳಲ್ಲಿ ಅತಿ ಮುಖ್ಯವಾದದ್ದು ಉಪಯೋಗಕ್ಕೆ ಬಾರದೆ ಹೋಗಿರುತ್ತದೆ. ನೀವು ಸಮಯಕ್ಕೆ ಸರಿಯಾಗಿ ಕೇಳಿದ್ದೀರಿ. ಆದ್ದರಿಂದ ಆ ಮಾತನ್ನೇ ಮೊದಲು ಹೇಳುತ್ತೇನೆ, ಮಿಕ್ಕದ್ದು ಆಮೇಲೆ.

ಕ್ಯಾಲಿಫೋರ್ನಿಯಾದಲ್ಲಿ ಈಗ 26 ವಾರಗಳಾಚೆಗೆ ತಾನಾಗಿ ಸಿಗುವ ವಿಸ್ತರಣೆ ಯಾವುದೂ ಇಲ್ಲ. ಅರ್ಜಿ ಹಾಕಿ ಪಡೆಯುವ ವಿಸ್ತರಣೆ ಒಂದೇ ಒಂದು ಇದೆ. ಅದು ತರಬೇತಿಗೆ ಸೇರಿದವರಿಗೆ ಮಾತ್ರ. ಇದನ್ನು ಟ್ರೇನಿಂಗ್ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ಇದು ಬೇಕೆಂದರೆ ಹದಿನಾರನೆಯ ವಾರದ ಹಣ ನಿಮ್ಮ ಕೈಸೇರುವ ಮೊದಲೇ ಉದ್ಯೋಗ ಅಭಿವೃದ್ಧಿ ಇಲಾಖೆಯನ್ನು, ಎಂದರೆ ನಾವೆಲ್ಲ ಇಡಿಡಿ ಎಂದು ಕರೆಯುವ ಇಲಾಖೆಯನ್ನು, ಸಂಪರ್ಕಿಸಿ 'ತರಬೇತಿ ಸೌಲಭ್ಯದಲ್ಲಿ ನನಗೆ ಆಸಕ್ತಿಯಿದೆ' ಎಂದು ತಿಳಿಸಿರಬೇಕು. ಕೋರ್ಸ್ ಶುರುವಾಗಿರಬೇಕೆಂದಿಲ್ಲ, ಶುಲ್ಕ ಕಟ್ಟಿರಬೇಕೆಂದೂ ಇಲ್ಲ. ವಿಚಾರಿಸಿರಬೇಕು, ವಿಚಾರಿಸಿದ್ದಕ್ಕೆ ದಾಖಲೆ ಇರಬೇಕು. ನಿಮಗೆ 13 ವಾರಗಳ ಹಣ ಬಂದಿದೆ. ಇನ್ನು ಎರಡು ವಾರ ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಹಣ ಎರಡೆರಡು ವಾರಕ್ಕೆ ಒಟ್ಟಾಗಿ ಬರುವುದರಿಂದ ಮುಂದಿನ ಎರಡು ಸಲ ಸರ್ಟಿಫೈ ಮಾಡುವುದರೊಳಗೆ, ಎಂದರೆ ಇಡಿಡಿ ಎರಡು ವಾರಕ್ಕೊಮ್ಮೆ ಕೇಳುವ ಪ್ರಶ್ನೆಗಳಿಗೆ ಉತ್ತರಿಸುವುದರೊಳಗೆ, ಆ ಗೆರೆಯನ್ನು ದಾಟಿಬಿಡುತ್ತೀರಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ದಾವಣಗೆರೆ ಕಡೆಯ ಹೆಣ್ಣುಮಗಳೊಬ್ಬಳು ನನ್ನ ಬಳಿ ಬಂದಿದ್ದಳು. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಕಳೆದುಕೊಂಡಿದ್ದಳು. ಕೈಯಲ್ಲಿ ಒಂದು ನೀಲಿ ಕಡತ; ಅದರೊಳಗೆ ಸಮುದಾಯ ಕಾಲೇಜಿನ ಪ್ರವೇಶ ಪತ್ರ, ಕೋರ್ಸಿನ ವಿವರ, ವೇಳಾಪಟ್ಟಿ ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿಕೊಂಡಿದ್ದಳು. ಒಂದು ವರ್ಷದಲ್ಲಿ ಮುಗಿಯುವ, ಬೇಡಿಕೆಯಿರುವ, ಯಾವ ದೃಷ್ಟಿಯಿಂದಲೂ ಒಪ್ಪಿಗೆಯಾಗಬಹುದಾಗಿದ್ದ ಕೋರ್ಸು. ಹಣ ಬಂದ ವಾರಗಳನ್ನು ಎಣಿಸಿದೆವು. ಹತ್ತೊಂಬತ್ತು. ಅದಕ್ಕೆ ಮುಂಚೆ ಆಕೆ ಎಲ್ಲಿಯೂ ಒಂದು ಸಾಲು ವಿಚಾರಿಸಿರಲಿಲ್ಲ. ಆ ಕಡತವನ್ನು ಮುಚ್ಚಿ ಅವಳ ಕೈಗೆ ಹಿಂದಿರುಗಿಸುವಾಗ ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಆವತ್ತಿನಿಂದ ಯಾರು ಕೆಲಸ ಕಳೆದುಕೊಂಡೆ ಎಂದರೂ ನಾನು ಕೇಳುವ ಮೊದಲ ಪ್ರಶ್ನೆ 'ಎಷ್ಟನೆಯ ವಾರ?' ಎಂಬುದು.

ಇನ್ನು ನಿಮ್ಮ ಗೆಳೆಯನ ಒಂದೂವರೆ ವರ್ಷದ ವಿಚಾರ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅದು ನಡೆದ ಕಾಲವೇ ಬೇರೆ. ತರಬೇತಿಯದನ್ನು ಬಿಟ್ಟರೆ, 'ವಿಸ್ತರಣೆ' ಎಂಬ ಒಂದೇ ಹೆಸರಿನಲ್ಲಿ ಅಮೆರಿಕದಲ್ಲಿ ಎರಡು ಬೇರೆಬೇರೆ ವ್ಯವಸ್ಥೆಗಳಿವೆ, ಅವೆರಡೂ ಕಲಸಿಹೋಗುವುದರಿಂದಲೇ ಗೊಂದಲ ಹುಟ್ಟುತ್ತದೆ.

ಒಂದು, ಕಾನೂನಿನ ಪುಸ್ತಕದಲ್ಲಿ ಶಾಶ್ವತವಾಗಿ ಇರುವಂಥದು. ಇಲ್ಲಿ ನಿರುದ್ಯೋಗ ವಿಮೆ ಬೇರೂರಿದ್ದು 1935ರ ಸಾಮಾಜಿಕ ಭದ್ರತಾ ಕಾಯ್ದೆಯಿಂದ. ಕೇಂದ್ರವೂ ರಾಜ್ಯಗಳೂ ಕೂಡಿ ನಡೆಸುವ ಏರ್ಪಾಡು ಅದು. ಹೆಚ್ಚಿನ ರಾಜ್ಯಗಳಲ್ಲಿ 26 ವಾರ ಎಂಬುದು ರೂಢಿಯಾಯಿತು. ಆರ್ಥಿಕ ಹಿಂಜರಿತ ಬಂದಾಗ 26 ವಾರ ಸಾಲದು ಎಂಬುದು ಬೇಗನೆ ಗೊತ್ತಾಯಿತು. 1958ರಲ್ಲಿ ಐಸೆನ್‌ಹೋವರ್ ಅಧ್ಯಕ್ಷರಾಗಿದ್ದಾಗ ಮೊದಲ ಬಾರಿ ತಾತ್ಕಾಲಿಕವಾಗಿ ವಾರಗಳನ್ನು ಹೆಚ್ಚಿಸಿದರು. ಪ್ರತಿ ಸಲ ಸಂಸತ್ತು ಕೂತು ತೀರ್ಮಾನಿಸುವವರೆಗೆ ಕಾಯುವುದು ಬೇಡವೆಂದು 1970ರಲ್ಲಿ ಒಂದು ಶಾಶ್ವತ ಕಾನೂನು ಮಾಡಿದರು. ಅದರ ಪ್ರಕಾರ ರಾಜ್ಯದಲ್ಲಿ ನಿರುದ್ಯೋಗ ಒಂದು ಮಟ್ಟ ಮೀರಿದರೆ 13 ವಾರಗಳು ತಾವಾಗಿ ಸೇರಿಕೊಳ್ಳುತ್ತವೆ, ಇನ್ನೂ ವಿಪರೀತವಾದರೆ ಕೆಲವು ರಾಜ್ಯಗಳಲ್ಲಿ 20. ಖರ್ಚು ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ 'ಫೆಡ್-ಎಡ್' ಎನ್ನುತ್ತಾರೆ.

ಆ ಮಟ್ಟವನ್ನು ಅಳೆಯುವ ಬಗೆಯನ್ನು ನೀವು ತಿಳಿದಿರಬೇಕು. ವಿಮೆಯ ವ್ಯಾಪ್ತಿಯಲ್ಲಿರುವ ಕೆಲಸಗಾರರಲ್ಲಿ ನೂರಕ್ಕೆ ಎಷ್ಟು ಜನ ಸದ್ಯ ಭತ್ಯೆಯ ಮೇಲಿದ್ದಾರೆ ಎಂದು 13 ವಾರಗಳ ಸರಾಸರಿ ತೆಗೆಯುತ್ತಾರೆ. ಅದು ಶೇಕಡ 5 ಆದರೂ ಇರಬೇಕು. ಅಷ್ಟೇ ಸಾಲದು, ಹಿಂದಿನ ಎರಡು ವರ್ಷಗಳ ಇದೇ ಅವಧಿಯ ಸರಾಸರಿಯ ಶೇಕಡ 120ರಷ್ಟಾದರೂ ಆಗಿರಬೇಕು. ಒಟ್ಟು ನಿರುದ್ಯೋಗ ಪ್ರಮಾಣ ಶೇಕಡ 6.5 ಮುಟ್ಟಿದಾಗ ತೆರೆಯುವ ಇನ್ನೊಂದು ಐಚ್ಛಿಕ ಅಳತೆಯೂ ಇದೆ, ಅದನ್ನು ಒಪ್ಪಿಕೊಂಡ ರಾಜ್ಯಗಳಿಗೆ ಅನ್ವಯ. ಇದರಲ್ಲಿ ನಿಮ್ಮ ಹೆಸರು, ನಿಮ್ಮ ಮನೆ ಬಾಡಿಗೆ, ಮಕ್ಕಳ ಓದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಸಾಫ್ಟ್‌ವೇರ್ ವಲಯದಲ್ಲಿ ಸಾವಿರಾರು ಜನರ ಕೆಲಸ ಹೋಗಿರಬಹುದು. ಆದರೆ ಇಡೀ ಕ್ಯಾಲಿಫೋರ್ನಿಯಾದ ಹೊಲ, ಆಸ್ಪತ್ರೆ, ಬಂದರು, ಹೋಟೆಲುಗಳೆಲ್ಲ ಸೇರಿದ ಸರಾಸರಿ ಅಲುಗಾಡದಿದ್ದರೆ ಆ ಬೀಗ ತೆರೆಯುವುದಿಲ್ಲ. ಕೋವಿಡ್ ಕಾಲದಲ್ಲಿ ತೆರೆದಿದ್ದ ಫೆಡ್-ಎಡ್ ಇಲ್ಲಿ 2021ರ ಸೆಪ್ಟೆಂಬರ್ 11ಕ್ಕೆ ಮುಚ್ಚಿತು. ಅಮೆರಿಕದ ಕಾರ್ಮಿಕ ಇಲಾಖೆ ಯಾವ ರಾಜ್ಯದಲ್ಲಿ ಇದು ತೆರೆದಿದೆ, ಎಲ್ಲಿ ಮುಚ್ಚಿದೆ ಎಂಬ ಪಟ್ಟಿಯನ್ನು ವಾರವಾರ ಪ್ರಕಟಿಸುತ್ತದೆ. ತಿಂಗಳಿಗೊಮ್ಮೆ ಅದನ್ನು ನೋಡಿದರೆ ಸಾಕು, ದಿನವೂ ನೋಡುತ್ತ ಕೂರಬೇಡಿ.

ಎರಡನೆಯದು, ಸಂಸತ್ತು ಆಯಾ ಸಂಕಟಕ್ಕೆಂದು ಮಾಡುವ ತಾತ್ಕಾಲಿಕ ಕಾನೂನು. ನಿಮ್ಮ ಗೆಳೆಯನಿಗೆ ಸಿಕ್ಕಿದ್ದು ಮುಖ್ಯವಾಗಿ ಇದು. 2008ರ ಕುಸಿತದ ನಂತರ ಇಂಥ ಕಾನೂನಿನಿಂದಾಗಿ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಎಲ್ಲ ಸೇರಿ 99 ವಾರಗಳವರೆಗೆ ಹಣ ಸಿಗುತ್ತಿತ್ತು. 2020ರ ಮಾರ್ಚ್ 27ರಂದು ಬಂದ ಕೇರ್ಸ್ ಕಾಯ್ದೆ ಮೊದಲು 13 ವಾರ ಕೊಟ್ಟಿತು, ಮುಂದೆ ಬಂದ ಕಾನೂನುಗಳು ಅದನ್ನು ಬೆಳೆಸುತ್ತ 53 ವಾರಗಳಿಗೆ ಒಯ್ದವು. 2021ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಆ ಸೌಲಭ್ಯ ಮುಗಿಯಿತು. ಈಗ ಅಂಥ ಕಾನೂನು ಜಾರಿಯಲ್ಲಿಲ್ಲ. 'ವಿಸ್ತರಣೆ ಕೊಡಿಸುತ್ತೇವೆ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಕಳುಹಿಸಿ' ಎಂದು ಬರುವ ಸಂದೇಶಗಳೆಲ್ಲ ಮೋಸ. ಅಳಿಸಿಹಾಕಿ.

ಈ ಎರಡೂ ವ್ಯವಸ್ಥೆಗಳಿಗೆ ಇರುವ ಒಂದು ಕಠೋರ ಗುಣವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನಿಮ್ಮ ಪಾಲಿಗೆ ಇನ್ನೂ ಎಷ್ಟು ವಾರ ಉಳಿದಿದೆ ಎಂಬುದನ್ನು ನೋಡದೆ ಅವು ಒಂದು ತಾರೀಕಿಗೆ ನಿಂತುಬಿಡುತ್ತವೆ. 2008ರ ಕಾರ್ಯಕ್ರಮ 2013ರ ಡಿಸೆಂಬರ್ 28ಕ್ಕೆ ನಿಂತಾಗ ಒಂದೇ ದಿನ ದೇಶದಲ್ಲಿ ಸುಮಾರು 13 ಲಕ್ಷ ಜನರ ಭತ್ಯೆ ಕಡಿದುಹೋಯಿತು. ಆ ವಾರ ಸ್ಯಾನ್ ಹೋಸೆಯ ಒಂದು ಅಡುಗೆಮನೆಯ ಮೇಜಿನ ಮುಂದೆ ಹಾಸನದ ಹಿರಿಯರೊಬ್ಬರ ಜೊತೆ ಕೂತಿದ್ದೆ. ಅವರ ಪತ್ರದಲ್ಲಿ ಬಾಕಿ ಮೊತ್ತ ಎಂದು ಒಂದು ಅಂಕಿ ಅಚ್ಚಾಗಿತ್ತು. ಅದನ್ನು ಬೆರಳಿನಿಂದ ತೋರಿಸಿ, 'ಇದು ನನ್ನದೇ ಅಲ್ಲವೇ, ಇಲ್ಲೇ ಬರೆದಿದೆಯಲ್ಲ' ಎಂದು ಕೇಳುತ್ತಲೇ ಇದ್ದರು. ಆದ್ದರಿಂದ ಮುಂದೆ ಎಂದಾದರೂ ಫೆಡ್-ಎಡ್ ತೆರೆದರೂ 13 ವಾರಗಳೂ ಕೈಗೆ ಬಂದವೆಂದು ಮನೆಯ ಲೆಕ್ಕ ಹಾಕಬೇಡಿ.

ಇಷ್ಟು ಹೇಳಿದ ಮೇಲೆ ನಿಮ್ಮ ಸಂಕೋಚದ ಮಾತಿಗೆ ಬರುತ್ತೇನೆ, ಏಕೆಂದರೆ ಜನ ತಡವಾಗಿ ಕೇಳುವುದಕ್ಕೆ ಮೂಲವೇ ಅದು. ಇದು ಧರ್ಮದ ದುಡ್ಡಲ್ಲ. ಕರ್ನಾಟಕದ ಯುವನಿಧಿ ಸರ್ಕಾರ ತನ್ನ ಬೊಕ್ಕಸದಿಂದ ಕೊಡುವ ನೆರವು. ಅದಕ್ಕೆ ಅದರ ನ್ಯಾಯವಿದೆ. ಇದು ವಿಮೆ. ನೀವು ದುಡಿಯುತ್ತಿದ್ದ ಪ್ರತಿ ವರ್ಷವೂ ನಿಮ್ಮ ಹೆಸರಿನಲ್ಲಿ ನಿಮ್ಮ ಮಾಲೀಕರು ಕಂತು ಕಟ್ಟಿದ್ದಾರೆ. ಆ ಕಂತು ಇಲ್ಲಿ ಬಹಳ ಸಣ್ಣದು: ನಿಮ್ಮ ವಾರ್ಷಿಕ ಸಂಬಳದ ಮೊದಲ 7,000 ಡಾಲರ್ ಮೇಲೆ ಮಾತ್ರ. ವಾರದ ಗರಿಷ್ಠ ಮೊತ್ತ 2005ರಿಂದ 450 ಡಾಲರ್‌ನಲ್ಲೇ ನಿಂತಿರುವುದಕ್ಕೂ, ಕೋವಿಡ್ ಕಾಲದಲ್ಲಿ ರಾಜ್ಯದ ನಿಧಿ ಬರಿದಾಗಿ ಕೇಂದ್ರಕ್ಕೆ ಸುಮಾರು 20 ಶತಕೋಟಿ ಡಾಲರ್ ಸಾಲಗಾರನಾದದ್ದಕ್ಕೂ ಈ ಸಣ್ಣ ಕಂತು ಒಂದು ಕಾರಣ. ಸನ್ನಿವೇಲ್‌ನಲ್ಲಿ ತಿಂಗಳಿಗೆ 1,800 ಡಾಲರ್ ಮನೆ ಬಾಡಿಗೆಗೂ ಸಾಲುವುದಿಲ್ಲ ಎಂಬುದು ನಿಮಗೆ ನಾನು ಹೇಳಬೇಕಾದ ಮಾತಲ್ಲ. ಬಾಡಿಗೆಗೂ ಸಾಕಾಗದ ಈ ಮೊತ್ತವನ್ನೂ ನಾಚಿಕೆಯಿಂದ ಬಿಟ್ಟುಕೊಡುವುದು ನನ್ನ ದೃಷ್ಟಿಯಲ್ಲಿ ನಿಮ್ಮ ಮನೆಯವರಿಗೆ ಮಾಡುವ ಅನ್ಯಾಯ. ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವಾಗ ಇದು ಅಡ್ಡ ಬರುತ್ತದೆಯೇ ಎಂಬ ಭಯ ಹಲವರಿಗಿದೆ. ಅಡ್ಡ ಬರುವುದಿಲ್ಲ.

ಈಗ ತರಬೇತಿಯ ವಿಸ್ತರಣೆಯನ್ನು ವಿವರವಾಗಿ ನೋಡೋಣ. ಇದಕ್ಕೆ ಎರಡು ಹಂತಗಳಿವೆ. ಮೊದಲನೆಯದು ಕ್ಯಾಲಿಫೋರ್ನಿಯಾ ಟ್ರೇನಿಂಗ್ ಬೆನಿಫಿಟ್ಸ್. ಇದಕ್ಕೆ ಒಪ್ಪಿಗೆ ಸಿಕ್ಕರೆ ಕಲಿಯುತ್ತಿರುವ ಕಾಲದಲ್ಲಿ ನೀವು ವಾರವಾರವೂ ಕೆಲಸ ಹುಡುಕಬೇಕೆಂಬ ನಿಯಮ ಇರುವುದಿಲ್ಲ, ಭತ್ಯೆ ಎಂದಿನಂತೆ ಬರುತ್ತದೆ. ಒಪ್ಪಿಗೆಯಿಲ್ಲದೆ ಪೂರ್ಣಾವಧಿ ತರಗತಿಗೆ ಸೇರಿಬಿಟ್ಟರೆ 'ನೀವು ಕೆಲಸಕ್ಕೆ ಸಿದ್ಧರಿಲ್ಲ' ಎಂಬ ಕಾರಣಕ್ಕೆ ಇರುವ ಭತ್ಯೆಯೂ ನಿಲ್ಲಬಹುದು. ಹೀಗಾಗಿ ಮೊದಲು ಕೇಳಿ, ಆಮೇಲೆ ಸೇರಿ. ಎರಡನೆಯ ಹಂತವೇ ವಿಸ್ತರಣೆ: ಸಾಮಾನ್ಯ ಹಣ ತೀರಿದಾಗಲೂ ತರಬೇತಿ ಮುಗಿದಿಲ್ಲವಾದರೆ, ಎಲ್ಲ ಸೇರಿ ವಾರದ ಮೊತ್ತದ 52 ಪಟ್ಟಿನವರೆಗೆ ಸಿಗುತ್ತದೆ. ನಿಮ್ಮ ಲೆಕ್ಕದಲ್ಲಿ ಈಗಿನ 11,700 ಡಾಲರ್ ಜೊತೆಗೆ ಇನ್ನೊಂದು 11,700 ಡಾಲರ್‌ವರೆಗೆ.

ಯಾವ ತರಬೇತಿ? ರಾಜ್ಯದ ಅರ್ಹ ತರಬೇತಿ ಸಂಸ್ಥೆಗಳ ಪಟ್ಟಿಯಲ್ಲಿರುವ ಕೋರ್ಸಾದರೆ ದಾರಿ ಬಹಳ ಸಲೀಸು. ಪಟ್ಟಿಯ ಹೊರಗಿನದನ್ನು ನೀವೇ ಆರಿಸಿಕೊಂಡರೆ ಪರಿಶೀಲನೆ ಬಿಗಿಯಾಗುತ್ತದೆ: ಪೂರ್ಣಾವಧಿಯದಾಗಿರಬೇಕು, ಒಂದು ವರ್ಷದೊಳಗೆ ಮುಗಿಯಬೇಕು, ಕಲಿತ ಕೆಲಸಕ್ಕೆ ಇಲ್ಲಿ ಬೇಡಿಕೆಯಿರಬೇಕು. ರಾತ್ರಿ ಹೊತ್ತು ಮೊಬೈಲಿನಲ್ಲಿ ನೋಡುವ ಬಿಡಿ ಪಾಠಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಹತ್ತಾರು ಸಾವಿರ ಡಾಲರ್ ಕೇಳುವ ಬೂಟ್‌ಕ್ಯಾಂಪ್‌ಗಳಿಗೆ ಉಳಿತಾಯದ ಹಣ ಸುರಿಯುವ ಮುಂಚೆ ದಯವಿಟ್ಟು ಒಂದು ಕೆಲಸ ಮಾಡಿ. ನಿಮ್ಮ ಸನ್ನಿವೇಲ್‌ನಲ್ಲೇ ನೋವಾವರ್ಕ್ಸ್ ಎಂಬ ಸಾರ್ವಜನಿಕ ಉದ್ಯೋಗ ಕೇಂದ್ರವಿದೆ. ಅಲ್ಲಿನ ಸಲಹೆಗಾರರ ಭೇಟಿಗೆ ಶುಲ್ಕವಿಲ್ಲ. ಕೇಂದ್ರ ಸರ್ಕಾರದ ಉದ್ಯೋಗ ತರಬೇತಿ ಕಾನೂನಿನಡಿ ಅರ್ಹರಾದವರಿಗೆ ಕೋರ್ಸಿನ ಶುಲ್ಕವನ್ನೇ ಭರಿಸುವ ಅವಕಾಶವೂ ಇದೆ. ಆ ಮಾರ್ಗದಲ್ಲಿ ಸೇರಿದ ತರಬೇತಿಗೆ ಇಡಿಡಿಯ ಒಪ್ಪಿಗೆಯೂ ಸುಲಭವಾಗುತ್ತದೆ, ಒಂದೇ ಓಡಾಟದಲ್ಲಿ ಎರಡು ಕೆಲಸ. ಟೆಸ್ಟಿಂಗ್‌ನಲ್ಲಿ ಹದಿನಾರು ವರ್ಷ ತಪ್ಪು ಹುಡುಕಿದ ಕಣ್ಣು ನಿಮ್ಮದು. ನನ್ನನ್ನು ಕೇಳಿದರೆ ಸೈಬರ್ ಭದ್ರತೆ, ವೈದ್ಯಕೀಯ ಉಪಕರಣಗಳ ಗುಣಮಟ್ಟ ಪರೀಕ್ಷೆ ಇಂಥ ಕಡೆಗಳಲ್ಲಿ ಆ ಅನುಭವ ವ್ಯರ್ಥವಾಗುವುದಿಲ್ಲ. ಆದರೆ ಕಲಿಯುವ ಮನಸ್ಸಿಲ್ಲದೆ ವಾರಗಳಿಗಾಗಿ ಮಾತ್ರ ಸೇರಬೇಡಿ. ಹಾಜರಾತಿಯನ್ನು ಸಂಸ್ಥೆ ದೃಢೀಕರಿಸಬೇಕಾಗುತ್ತದೆ.

ಇಡಿಡಿಗೆ ತಿಳಿಸುವಾಗ ಫೋನ್ ಮಾಡಿದರೂ ಸರಿಯೇ, ಜೊತೆಗೆ ಆನ್‌ಲೈನ್ ಖಾತೆಯ ಮೂಲಕ ಒಂದು ಲಿಖಿತ ಸಂದೇಶವನ್ನೂ ಕಳುಹಿಸಿ. ಕಳುಹಿಸಿದ ಪುಟದ ಚಿತ್ರವನ್ನು ತಾರೀಕು ಕಾಣುವಂತೆ ತೆಗೆದಿಟ್ಟುಕೊಳ್ಳಿ. ಮುಂದೆ ಆಗಸ್ಟಿನಲ್ಲಿ ಯಾರಾದರೂ 'ನೀವು ಹದಿನಾರನೆಯ ವಾರದೊಳಗೆ ಕೇಳಿದ್ದಿರಾ?' ಎಂದರೆ ತೋರಿಸಲು ನಿಮ್ಮ ಹತ್ತಿರ ಇರುವುದು ಅದೊಂದೇ.

ಸಣ್ಣ ಕೆಲಸದ ಪ್ರಶ್ನೆಗೆ ಬರೋಣ. ಇಲ್ಲಿ ಜನರ ತಲೆಯಲ್ಲಿ ಕೂತಿರುವ ತಪ್ಪು ತಿಳಿವಳಿಕೆ ಒಂದಿದೆ. ಅರ್ಜಿ ಹಾಕಿದ ಹೊಸದರಲ್ಲಿ ನಿಮಗೆ ಬಂದ 'ಅವಾರ್ಡ್' ನೋಟಿಸನ್ನು ಹೊರಗೆ ತೆಗೆಯಿರಿ. ಅದರಲ್ಲಿ ವಾರದ ಮೊತ್ತ 450 ಎಂದಿರುತ್ತದೆ, ಒಟ್ಟು ಗರಿಷ್ಠ ಮೊತ್ತ 11,700 ಎಂದಿರುತ್ತದೆ, ಕ್ಲೇಮು ಮುಗಿಯುವ ತಾರೀಕು ಸುಮಾರು ಒಂದು ವರ್ಷದಾಚೆ ಇರುತ್ತದೆ. '26 ವಾರ' ಎಂಬುದು ಆ ಮೊತ್ತವನ್ನು 450ರಿಂದ ಭಾಗಿಸಿದಾಗ ಬರುವ ಸಂಖ್ಯೆ. ನಿಮ್ಮ ಪಾಲಿಗಿರುವುದು ಕಾಳು ತುಂಬಿಡುವ ಒಂದು ಹಗೇವು ಎಂದುಕೊಳ್ಳಿ. ಒಳಗಿರುವ ಕಾಳಿಗೆ ಅಳತೆಯಿದೆ, ಒಂದು ವರ್ಷದೊಳಗೆ ತೆಗೆದುಕೊಳ್ಳಬೇಕು, ಯಾವ ವಾರ ಎಷ್ಟು ತೆಗೆದಿರಿ ಎಂಬುದರ ಮೇಲೆ ಅದು ಎಷ್ಟು ದಿನ ಬಾಳುತ್ತದೆ ಎಂಬುದು ನಿಂತಿದೆ.

ನೀವು ವಾರಕ್ಕೆ ಎರಡು ದಿನ ದುಡಿದು 240 ಡಾಲರ್ ಗಳಿಸಿದಿರಿ ಎನ್ನೋಣ. ಇಲ್ಲಿನ ನಿಯಮದಂತೆ ಗಳಿಕೆಯಲ್ಲಿ ಕಾಲುಭಾಗವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದ 180 ಡಾಲರನ್ನು 450ರಲ್ಲಿ ಕಳೆಯುತ್ತಾರೆ. ಭತ್ಯೆ 270 ಬರುತ್ತದೆ. ಗಳಿಕೆ, ಭತ್ಯೆ ಎರಡೂ ಸೇರಿ ಕೈಗೆ 510. ಕಳೆದುಹೋದಂತೆ ಕಾಣುವ 180 ಡಾಲರ್ ಎಲ್ಲಿಯೂ ಹೋಗುವುದಿಲ್ಲ, ನಿಮ್ಮ ಹಗೇವಿನಲ್ಲೇ ಉಳಿಯುತ್ತದೆ. ಬಾಕಿಯಿರುವ 5,850 ಡಾಲರನ್ನು ವಾರಕ್ಕೆ 270ರಂತೆ ತೆಗೆದರೆ 13 ವಾರ ಬರಬೇಕಾದದ್ದು 21 ವಾರ ದಾಟುತ್ತದೆ. ಯಾರ ಒಪ್ಪಿಗೆಯನ್ನೂ ಕೇಳದೆ ನೀವೇ ಮಾಡಿಕೊಳ್ಳಬಹುದಾದ ವಿಸ್ತರಣೆ ಇದು. ವಾರಕ್ಕೆ 600 ಡಾಲರ್ ಮುಟ್ಟಿದರೆ ಆ ವಾರ ಭತ್ಯೆ ಇಲ್ಲ, ಆದರೆ ಆ ವಾರದ ಪಾಲೂ ಹಗೇವಿನಲ್ಲೇ ಇರುತ್ತದೆ.

ಒಂದೇ ಎಚ್ಚರಿಕೆ: ಗಳಿಕೆಯನ್ನು ಹಣ ಕೈಗೆ ಬಂದ ವಾರದಲ್ಲಿ ತೋರಿಸುವುದಲ್ಲ, ದುಡಿದ ವಾರದಲ್ಲೇ ತೋರಿಸಬೇಕು, ತೆರಿಗೆ ಕಡಿತಕ್ಕೆ ಮುಂಚಿನ ಪೂರ್ಣ ಮೊತ್ತವನ್ನು. ವಾರವೆಂದರೆ ಭಾನುವಾರದಿಂದ ಶನಿವಾರ. ಬೇಕೆಂದೇ ಮುಚ್ಚಿಟ್ಟದ್ದು ಪತ್ತೆಯಾದರೆ ಪಡೆದದ್ದನ್ನು ಹಿಂತಿರುಗಿಸಬೇಕು, ಮೇಲೆ ಶೇಕಡ 30 ದಂಡ, ಮುಂದಿನ ಕೆಲವು ವಾರಗಳ ಅನರ್ಹತೆ. ಮಾಲೀಕರು ಸರ್ಕಾರಕ್ಕೆ ಸಲ್ಲಿಸುವ ಸಂಬಳದ ವಿವರದೊಂದಿಗೆ ನಿಮ್ಮ ಉತ್ತರಗಳನ್ನು ತಾಳೆ ನೋಡುತ್ತಾರೆ.

ಯಾವ ಬಗೆಯ ಸಣ್ಣ ಕೆಲಸ ಎಂಬುದೂ ಮುಖ್ಯ. ನಮ್ಮವರು ಹೆಚ್ಚಾಗಿ ಮೊದಲು ಕೈಹಾಕುವುದು ಆ್ಯಪ್ ಮೂಲಕ ಕಾರು ಓಡಿಸುವುದಕ್ಕೆ. 2020ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 22ರ ಪ್ರಕಾರ ಆ ಚಾಲಕರು ಸ್ವತಂತ್ರ ಗುತ್ತಿಗೆದಾರರು. ಆ ಗಳಿಕೆಯನ್ನು ವಾರವಾರ ತೋರಿಸಲೇಬೇಕು, ಆದರೆ ಮುಂದಿನ ಕ್ಲೇಮಿಗೆ ಅದು ಸಂಬಳವೆಂದು ಲೆಕ್ಕಕ್ಕೆ ಬರುವುದಿಲ್ಲ. ಅದೇ ಒಂದು ಅಂಗಡಿಯಲ್ಲೋ ಕಾಲೇಜಿನಲ್ಲೋ ಡಬ್ಲ್ಯು-2, ಎಂದರೆ ನೌಕರರಿಗೆ ಮಾಲೀಕರು ಕೊಡುವ ವರ್ಷದ ಸಂಬಳದ ಪತ್ರ, ಕೊಡುವ ಕೆಲಸವಾದರೆ ಲೆಕ್ಕಕ್ಕೆ ಬರುತ್ತದೆ. ಇದು ಏಕೆ ಬೇಕು ಎಂದರೆ, ನಿಮ್ಮ ಈಗಿನ ಕ್ಲೇಮಿನ ವರ್ಷ ಮುಂದಿನ ಜನವರಿ ಕೊನೆಗೆ ಮುಗಿಯುತ್ತದೆ. ಆಗಲೂ ಪೂರ್ಣ ಕೆಲಸ ಸಿಕ್ಕಿರದಿದ್ದರೆ ಹೊಸ ಕ್ಲೇಮು ಹಾಕುವ ಹಕ್ಕು ನಿಮಗಿದೆ. ಈಗಿನ ಕ್ಲೇಮಿಗೆ ಹಿಡಿದದ್ದು ಕಳೆದ ಸೆಪ್ಟೆಂಬರ್‌ವರೆಗಿನ ಒಂದು ವರ್ಷದ ಸಂಬಳ ಮಾತ್ರ. ಅಕ್ಟೋಬರ್‌ನಿಂದ ಜನವರಿಯವರೆಗೆ ದುಡಿದ ಸಂಬಳ ಇನ್ನೂ ಬಳಕೆಯಾಗದೆ ಕೂತಿದೆ, ಹೊಸ ಕ್ಲೇಮಿನ ಲೆಕ್ಕಕ್ಕೆ ಅದು ಬರುತ್ತದೆ. ಆದರೆ ಒಂದೇ ಸಲ ಕೆಲಸ ಹೋದದ್ದಕ್ಕೆ ಎರಡು ಬಾರಿ ಭತ್ಯೆ ಪಡೆಯಬಾರದೆಂಬ ನಿಯಮವಿದೆ. ಮೊದಲ ಕ್ಲೇಮಿನ ಆ 52 ವಾರಗಳ ಒಳಗೆ ನೀವು ನಿಜವಾಗಿ ಕೆಲಸ ಮಾಡಿ ಸಾಕಷ್ಟು ಸಂಬಳ ಪಡೆದಿರಬೇಕು. ಒಂದು ದಿನವೂ ದುಡಿಯದೆ ವರ್ಷ ಕಳೆದವರಿಗೆ ಎರಡನೆಯ ಕ್ಲೇಮು ಸಿಗುವುದಿಲ್ಲ. ಹೀಗಾಗಿ ವಾರಕ್ಕೆ ಎರಡು ದಿನದ ಆ ಕೆಲಸವನ್ನು ನಾನು ಸಣ್ಣ ಕೆಲಸ ಎನ್ನಲಾರೆ. ಸಂಬಳದ ಚೀಟಿಗಳನ್ನೆಲ್ಲ ಇಟ್ಟುಕೊಳ್ಳಿ.

ಈಗ ಅಮ್ಮನ ವಿಷಯ. ಇಲ್ಲಿ ಬಹಳ ಜನ ಒಳ್ಳೆಯವರು ಎಡವಿದ್ದಾರೆ, ಅದಕ್ಕೇ ನೇರವಾಗಿ ಹೇಳುತ್ತೇನೆ. ಹೋಗಿ ಬನ್ನಿ. ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ತುಮಕೂರಿನಲ್ಲಿ ಕೂತು ಫೋನಿನಲ್ಲಿ ಎಂದಿನಂತೆ ಸರ್ಟಿಫೈ ಮಾಡಬೇಡಿ. ಎರಡು ವಾರಕ್ಕೊಮ್ಮೆ ಬರುವ ಪ್ರಶ್ನೆಗಳಲ್ಲಿ ಒಂದು, ಪೂರ್ಣಾವಧಿ ಕೆಲಸವನ್ನು ಒಪ್ಪಿಕೊಳ್ಳಲು ಅಡ್ಡಿಯಾಗುವ ಕಾರಣ ಏನಾದರೂ ಇತ್ತೇ ಎಂಬುದು. ಸುಮಾರು ಹದಿನಾಲ್ಕು ಸಾವಿರ ಕಿಲೋಮೀಟರ್ ದೂರದಲ್ಲಿ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತವರು 'ಇಲ್ಲ' ಎಂದು ಒತ್ತಿದರೆ ಅದು ಸುಳ್ಳು ಹೇಳಿಕೆ. ದೇಶದ ಹೊರಗಿರುವ ದಿನಗಳಲ್ಲಿ ನೀವು ಕೆಲಸಕ್ಕೆ ಲಭ್ಯರಿಲ್ಲ. ಲಾಗಿನ್ ಎಲ್ಲಿಂದ ಆಗಿದೆ ಎಂಬುದೂ ತಿಳಿಯುತ್ತದೆ. ಮನೆಯಲ್ಲಿ ಉಳಿದ ಹೆಂಡತಿಯೋ ಮಗನೋ ನಿಮ್ಮ ಪರವಾಗಿ ಒತ್ತುವುದೂ ಅಷ್ಟೇ ತಪ್ಪು.

ಆ ತಿಂಗಳು ಭತ್ಯೆ ಪಡೆಯಬೇಡಿ. ಹಗೇವಿನ ಲೆಕ್ಕ ನೆನಪಿದೆಯಲ್ಲ, ಆ ನಾಲ್ಕು ವಾರಗಳ ಪಾಲು ಅಲ್ಲೇ ಇರುತ್ತದೆ. ಹಿಂದಿರುಗಿದ ವಾರವೇ ಕ್ಲೇಮನ್ನು ಮತ್ತೆ ತೆರೆಯಿರಿ, ಕ್ಲೇಮು ಮುಗಿಯುವ ತಾರೀಕಿನೊಳಗೆ ಉಳಿದದ್ದೆಲ್ಲ ಸಿಗುತ್ತದೆ. ನಿಮಗೆ ಮುಂದಿನ ಜನವರಿಯವರೆಗೆ ಕಾಲವಿರುವುದರಿಂದ ಒಂದು ತಿಂಗಳ ಬಿಡುವಿನಿಂದ ನಷ್ಟವಿಲ್ಲ.

ಇನ್ನೊಂದು ಮಾತು. ಅಮ್ಮನ ಕಾಯಿಲೆ ಗಂಭೀರವಾದದ್ದಾಗಿ ಅವರಿಗೆ ನಿಮ್ಮ ಆರೈಕೆಯೇ ಬೇಕಾಗಿದ್ದರೆ ಕ್ಯಾಲಿಫೋರ್ನಿಯಾದ ಪೇಯ್ಡ್ ಫ್ಯಾಮಿಲಿ ಲೀವ್ ಅನ್ನು, ಎಂದರೆ ಮನೆಯವರ ಆರೈಕೆಯ ಕಾಲದಲ್ಲಿ ರಾಜ್ಯ ಕೊಡುವ ಭತ್ಯೆಯನ್ನು, ವಿಚಾರಿಸಿ. ನಿಮ್ಮ ಹಳೆಯ ಸಂಬಳದ ಚೀಟಿಯಲ್ಲಿ 'ಸಿಎ ಎಸ್‌ಡಿಐ' (ರಾಜ್ಯದ ಅಂಗವೈಕಲ್ಯ ವಿಮೆ) ಎಂಬ ಕಡಿತ ಕಾಣುತ್ತದೆ, ಹದಿನಾರು ವರ್ಷ ನೀವೇ ಕಟ್ಟಿದ ಹಣ ಅದು. ಹೆತ್ತವರ ಆರೈಕೆಗೆ ಹನ್ನೆರಡು ತಿಂಗಳಲ್ಲಿ 8 ವಾರಗಳವರೆಗೆ ಅದು ಸಿಗುತ್ತದೆ. ಕೆಲಸದಲ್ಲಿರುವವರಷ್ಟೇ ಅಲ್ಲ, ಕೆಲಸ ಹುಡುಕುತ್ತಿರುವವರೂ ಕೇಳಬಹುದು. ಮೊತ್ತ ನಿಮ್ಮ ಹಿಂದಿನ ಸಂಬಳದ ಮೇಲೆ ನಿಲ್ಲುವುದರಿಂದ ವಾರಕ್ಕೆ 450ಕ್ಕಿಂತ ಬಹಳ ಹೆಚ್ಚು. ವೈದ್ಯರ ಪ್ರಮಾಣಪತ್ರ ಬೇಕು. ಇದೂ ನಿರುದ್ಯೋಗ ಭತ್ಯೆಯೂ ಒಂದೇ ವಾರಕ್ಕೆ ಎರಡೂ ಸಿಗುವುದಿಲ್ಲ. ಕೆಲಸ ಹೋದ ಮೇಲೆ ಈ ಸೌಲಭ್ಯವೂ ಹೋಯಿತೆಂದು ನಮ್ಮವರಲ್ಲಿ ಬಹುತೇಕರು ಕೇಳದೆಯೇ ಇರುತ್ತಾರೆ.

ಬೇರೆ ರಾಜ್ಯಗಳಲ್ಲಿರುವ ಓದುಗರಿಗೆ ಎರಡು ಮಾತು. ಎಲ್ಲ ಕಡೆ 26 ವಾರವಿಲ್ಲ. ಫ್ಲಾರಿಡಾ, ನಾರ್ತ್ ಕ್ಯಾರೊಲೈನಾಗಳಲ್ಲಿ ನಿರುದ್ಯೋಗ ಪ್ರಮಾಣ ಕಡಿಮೆಯಿದ್ದಾಗ 12 ವಾರಕ್ಕೇ ಮುಗಿಯುತ್ತದೆ. ತರಬೇತಿಯಲ್ಲಿರುವವರಿಗೆ ಹೆಚ್ಚುವರಿ ವಾರ ಕೊಡುವ ವ್ಯವಸ್ಥೆ ನ್ಯೂ ಜೆರ್ಸಿ, ಮ್ಯಾಸಚೂಸೆಟ್ಸ್, ವಾಷಿಂಗ್ಟನ್‌ನಲ್ಲೂ ಇದೆ, ಪ್ರತಿಯೊಂದಕ್ಕೂ ಅದರದೇ ಗಡುವು ಇರುತ್ತದೆ. ಎಚ್-1ಬಿ ವೀಸಾದಲ್ಲಿರುವವರ ಕಥೆ ಬೇರೆ: ಕೆಲಸ ಹೋದ ಮೇಲೆ ಅವರಿಗಿರುವುದು ಗರಿಷ್ಠ 60 ದಿನಗಳ ಕಾಲಾವಕಾಶ, ಬೇರೆ ಮಾಲೀಕರಲ್ಲಿ ತಕ್ಷಣ ಕೆಲಸಕ್ಕೆ ಸೇರುವ ಸ್ವಾತಂತ್ರ್ಯ ಇಲ್ಲದ್ದರಿಂದ ಈ ಭತ್ಯೆ ಸಾಮಾನ್ಯವಾಗಿ ಅವರಿಗೆ ದಕ್ಕುವುದಿಲ್ಲ.

ತೆರಿಗೆಯನ್ನು ಮರೆಯಬೇಡಿ. ಕ್ಯಾಲಿಫೋರ್ನಿಯಾ ಈ ಭತ್ಯೆಯ ಮೇಲೆ ತೆರಿಗೆ ಹಾಕುವುದಿಲ್ಲ, ಕೇಂದ್ರ ಹಾಕುತ್ತದೆ. ಬೇಕಾದರೆ ಪ್ರತಿ ಪಾವತಿಯಿಂದ ಶೇಕಡ 10 ಮುರಿದುಕೊಳ್ಳುವಂತೆ ಹೇಳಬಹುದು.

ನೀವು ನಾಳೆ ಬೆಳಿಗ್ಗೆ ಮಾಡಬೇಕಾದದ್ದು ಇಷ್ಟು. ಹಣ ಬಂದ ವಾರಗಳನ್ನು ಖಾತೆಯಲ್ಲಿ ಒಮ್ಮೆ ಸರಿಯಾಗಿ ಎಣಿಸಿ. ಅರ್ಜಿ ಹಾಕಿದ ಮೇಲಿನ ಮೊದಲ ಒಂದು ವಾರ ಕಾಯುವ ವಾರ, ಅದಕ್ಕೆ ಹಣವಿಲ್ಲ, ಅದನ್ನು ಸೇರಿಸಬೇಡಿ. ಇಡಿಡಿಗೆ ತರಬೇತಿಯ ವಿಚಾರಣೆ ಕಳುಹಿಸಿ. ಅವಾರ್ಡ್ ನೋಟಿಸ್ ಹಿಡಿದುಕೊಂಡು ಸನ್ನಿವೇಲ್‌ನ ಉದ್ಯೋಗ ಕೇಂದ್ರಕ್ಕೆ ಹೋಗಿ. ಊರಿನ ಟಿಕೆಟ್ಟನ್ನು ಇವೆರಡೂ ಆದ ಮೇಲೆ ತೆಗೆಯಿರಿ. ಯಾವುದಕ್ಕಾದರೂ ನಿರಾಕರಣೆ ಬಂದರೆ ಎದೆಗುಂದಬೇಡಿ; ಪತ್ರ ರವಾನೆಯಾದ ದಿನದಿಂದ 30 ದಿನಗಳೊಳಗೆ ಮೇಲ್ಮನವಿ ಹಾಕಬಹುದು, ವಿಚಾರಣೆಯಲ್ಲಿ ದುಭಾಷಿಯನ್ನು ಕೇಳಿದರೆ ಶುಲ್ಕವಿಲ್ಲದೆ ಒದಗಿಸುತ್ತಾರೆ. ಆ ಪತ್ರದ ಚಿತ್ರವನ್ನು ಬಂದ ದಿನವೇ ನನಗೆ ಕಳುಹಿಸಿ. ಮೇಲ್ಮನವಿಯನ್ನು ಇಬ್ಬರೂ ಕೂತು ಬರೆಯೋಣ.